ಅರ್ಧಕ್ಕೆ ಎದ್ದು ಬಂದ ನಗೆಚಿತ್ರ

ಭಾನುವಾರ, ಬೆಳಿಗ್ಗೆ ಹನ್ನೊಂದರ ಆಟ, ವಿಜಯಪುರ. ಇದ್ದವರು ಮೂವರು: ನಾನು, ನನ್ನ ಮೊಮ್ಮಗಳು, ಅವಳಿಗೆ ಗೊತ್ತು ಮಾಡಿದ್ದ ಬಬಲೇಶ್ವರದ ಹುಡುಗ. ಮದುವೆ ಗೊತ್ತಾದ ಜೋಡಿ ಸಿನಿಮಾಕ್ಕೆ ಹೋಗಬಹುದು, ಆದರೆ ಹಿರಿಯರೊಬ್ಬರು ಜೊತೆಗಿರಬೇಕು ಎಂಬುದು ನಮ್ಮ ಮನೆಗಳ ಈಗಿನ ಏರ್ಪಾಡು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಕೂರುವುದು ನನಗೆ ಕಷ್ಟವಲ್ಲ. ಇಬ್ಬರ ನಡುವಿನ ಕುರ್ಚಿಯಲ್ಲಿ ಕುಳಿತೆ.

ಅದೇ ಥಿಯೇಟರಿನ ಇನ್ನೊಂದು ಪರದೆಯಲ್ಲಿ ದೆವ್ವದ ಸಿನಿಮಾ ಇತ್ತು. ಮೊಮ್ಮಗಳಿಗೆ ಅದು ಬೇಕಾಗಿತ್ತು. ಹುಡುಗ ಪ್ರೀತಿಯ ನಗೆಚಿತ್ರಕ್ಕೆ ಟಿಕೆಟ್ ತೆಗೆಸಿದ್ದ. ನನಗೂ ಅದೇ ವಾಸಿ ಅನಿಸಿತ್ತು. ದೆವ್ವದ ಸಿನಿಮಾಗಳ ಬಗ್ಗೆ ನನ್ನ ತಕರಾರು ದೆವ್ವದ್ದಲ್ಲ, ಮನುಷ್ಯರದ್ದು. ಮಹಡಿಯ ಮೇಲೆ ಸದ್ದಾದರೆ ದೀಪ ಹಾಕುವುದಿಲ್ಲ, ಪಕ್ಕದ ಮನೆಯವರನ್ನು ಕರೆಯುವುದಿಲ್ಲ, ಒಬ್ಬರೇ ಬರಿಗಾಲಲ್ಲಿ ಹತ್ತಿ ಹೋಗುತ್ತಾರೆ. ಒಣಗಿದ ರಕ್ತ ಕಂದಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ತಿಕೋಟಾದಿಂದ ಬರುವಾಗ ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದ್ದೆ. ಅವಳು ನಕ್ಕು, "ಅದರಾಗ ಹುಡುಗಿ ಅಂಜಿದ್ರ ಖರೇನ ಏನರ ಇರ್ತೈತಿ ಆಯಿ. ಕಡೀಕರ ಎಲ್ಲಾರೂ ಆಕಿ ಮಾತು ನಂಬ್ತಾರ," ಅಂದಿದ್ದಳು.

ಅವಳ ಮಾತನ್ನು ಯಾರೂ ನಂಬದ ಒಂದು ವರ್ಷ ನಮ್ಮ ಮನೆಯಲ್ಲಿ ಕಳೆದಿತ್ತು. ಮೊದಲು ಅರಕೇರಿಯ ಮನೆಯೊಂದರ ಜೊತೆ ಮದುವೆಯ ಮಾತಾಗಿತ್ತು. ಹುಡುಗಿಗೆ ಮೂರ್ಛೆರೋಗವಿದೆ ಎಂದು ಯಾರೋ ಹೆಸರು ಹೇಳದೆ ಅವರಿಗೆ ಫೋನ್ ಮಾಡಿದರು. ಅವರು ಹಿಂದೆ ಸರಿದರು. ಅವಳಿಗೆ ಅಂಥ ಕಾಯಿಲೆ ಇಲ್ಲ, ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಮನೆಯ ನರ್ಸ್ ಮುಚ್ಚಿಡದೆ ಬಿಡುತ್ತಾಳೆಯೇ ಎಂದರು ಜನ. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಸೊಸೆ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಹಾಗಿರುವಾಗ ಬಬಲೇಶ್ವರದವರು ಬಂದು, ಮಂದಿಯ ಮಾತು ತಮಗೆ ಬೇಡ ಎಂದು ಹೇಳಿ, ಮದುವೆ ಗೊತ್ತುಮಾಡಿ, ಮೊಮ್ಮಗಳಿಗೆ ಉಡಿ ತುಂಬಿ ಸೀರೆ ಕೊಟ್ಟು ಹೋದರು. ಅವರ ದೊಡ್ಡ ಮನಸ್ಸನ್ನು ನನ್ನ ಮಗ ಊರೆಲ್ಲ ಹೊಗಳಿದ್ದ.

ಸಿನಿಮಾದ ನಾಯಕನಿಗೆ ಉದ್ಯೋಗವಿದ್ದಂತೆ ಕಾಣಲಿಲ್ಲ. ಹಗಲೆಲ್ಲ ಹುಡುಗಿಯ ಹಿಂದೆ ಬೈಕು. ಅವಳು ಬೇಡವೆಂದಷ್ಟೂ ಜನ ನಕ್ಕರು. ನಾನೂ ಒಂದೆರಡು ಸಲ ನಕ್ಕೆ. ಗೆಳೆಯನ ಪಾತ್ರದವನು ಚೆನ್ನಾಗಿ ಮಾಡಿದ್ದ. ಇಂಟರ್‌ವಲ್ ಹತ್ತಿರ ಬಂದಾಗ ನಾಯಕಿಗೆ ಬೇರೆ ಕಡೆ ಮದುವೆ ಗೊತ್ತಾಯಿತು. ನಾಯಕ ದನಿ ಬದಲಿಸಿ ಗಂಡಿನ ಮನೆಗೆ ಫೋನ್ ಮಾಡಿ, ಹುಡುಗಿಗೆ ಹುಚ್ಚು ಎಂದ. ಮದುವೆ ಮುರಿಯಿತು. ಥಿಯೇಟರಿನ ತುಂಬ ಸಿಳ್ಳೆ.

ದೀಪ ಹತ್ತಿದವು. ಹುಡುಗ ನಗುತ್ತಲೇ ನನ್ನ ಮುಂದಿನಿಂದ ಅವಳ ಕಡೆ ಬಾಗಿದ. "ಇದು ನಂದ ಕಥಿ ನೋಡು. ಅರಕೇರಿಗೆ ಫೋನ್ ಹಚ್ಚಿದಾಂವ ನಾನ."

ಅವನ ಮುಖ ನೋಡಿದೆ. ಅಂಜಿಕೆಯಿಲ್ಲ, ಬಹುಮಾನಕ್ಕೆ ನಿಂತ ಹುಡುಗನ ಕಳೆ ಅಲ್ಲಿತ್ತು. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ದಿನವೂ ಅವಳನ್ನು ನೋಡುತ್ತಿದ್ದನಂತೆ, ಬೇರೆಯವರ ಪಾಲಾಗುತ್ತಾಳೆಂದು ಹಾಗೆ ಮಾಡಿದನಂತೆ. "ಈಗೆಲ್ಲಾ ಗಟ್ಟಿ ಆಗೇತೆಲ್ರಿ ಆಯಿ, ನಗಾಕ ಏನಾಗೇತಿ?" ಎಂದು ನನ್ನನ್ನೂ ಸೇರಿಸಿಕೊಂಡ.

ಮೊಮ್ಮಗಳು ನೀರಿನ ಬಾಟಲಿ ಚೀಲಕ್ಕೆ ಹಾಕಿ ಎದ್ದು ನಿಂತಳು. "ನಾ ಒಲ್ಲೆ ಆಯಿ. ನಡಿ."

ದೆವ್ವದ ಸಿನಿಮಾದಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಸದ್ದಿಲ್ಲದೆ ಬಂದರೆ ಎದೆ ನಡುಗಿಸುವ ವಾದ್ಯ ಬಾರಿಸುತ್ತಾರೆ. ಇಲ್ಲಿ ಅದೇ ನಡಿಗೆಗೆ ತಮಾಷೆಯ ವಾದ್ಯ ಬಾರಿಸಿದ್ದರು. ತಿಕೋಟಾ ಬಸ್ಸಿನಲ್ಲಿ ಅವಳ ಪಕ್ಕ ಕೂತಾಗ ನನಗೆ ಹೊಳೆದದ್ದು ಅಷ್ಟೇ.

ಊಟಕ್ಕೆ ಮೊದಲು ಮಗನಿಗೆ ಹೇಳಿದೆ. ಹೌಹಾರುತ್ತಾನೆ ಎಂದುಕೊಂಡಿದ್ದೆ. ಅವನು, ಇದೂ ಮುರಿದರೆ ಮುಂದೆ ಯಾರು ಬರುತ್ತಾರೆ ಎಂದ. "ಪ್ರೀತಿಗೆ ಮಾಡ್ಯಾನ ಬೇ, ಬಿಡು." ಸಿಳ್ಳೆ ಹಾಕಿದವರ ಸಾಲಿನಲ್ಲಿ ನನ್ನ ಮಗನೂ ಕೂತಿದ್ದಾನೆ ಎಂಬುದು ಎರಡನೆಯ ಪೆಟ್ಟು. ಸೊಸೆ ಒಳಗೆ ಹೋಗಿ, ಕಪಾಟಿನಿಂದ ಬಬಲೇಶ್ವರದವರು ಕೊಟ್ಟ ಸೀರೆ ತಂದು ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿಕೊಂಡಳು.

ನಾಲ್ಕರ ಹೊತ್ತಿಗೆ ಹೆಂಗಸರು ಮೂವರೂ ಬಬಲೇಶ್ವರದಲ್ಲಿದ್ದೆವು. ಹುಡುಗ ನಮಗಿಂತ ಮೊದಲೇ ಮನೆಗೆ ಬಂದಿದ್ದ. ಅವನ ತಂದೆಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಿದ್ದು ಕೇಳಿ, ಖರೆಯೇನೋ ಎಂದು ಮಗನನ್ನು ಕೇಳಿದರು. ಅವನು ಹೌದೆಂದು ತಲೆ ಆಡಿಸಿದ. ತಾಯಿ ಸೆರಗು ಬಾಯಿಗೆ ಹಿಡಿದು ಗೋಡೆಗೆ ಒರಗಿದರು. ಸೀರೆಯನ್ನು ಅವರ ಮುಂದಿಟ್ಟು, ಇನ್ನೊಂದು ಕೆಲಸ ಬಾಕಿಯಿದೆ ಎಂದು ಹುಡುಗನಿಗೆ ಹೇಳಿದೆ. "ಯಾವ ಬಾಯಲೆ ಸುಳ್ಳ ಹೇಳಿದ್ಯೋ ಅದ ಬಾಯಲೆ ಖರೇ ಹೇಳು. ಈ ಸಲ ನಿನ್ನ ಹೆಸರು ಹೇಳಿ ಮಾತಾಡು."

ತಂದೆಯೇ ಫೋನ್ ಅವನ ಕೈಗಿಟ್ಟರು, ಸ್ಪೀಕರ್ ಹಾಕಿಸಿದರು. ಅರಕೇರಿಯ ಹಿರಿಯರು ಪೂರ್ತಿ ಕೇಳಿಸಿಕೊಂಡು, ತಮ್ಮ ಹುಡುಗನ ಲಗ್ನವಾಗಿದೆ, ಈಗ ಇದರಿಂದ ಏನು ಉಪಯೋಗ ಎಂದರು. ಹುಡುಗ ನಮ್ಮನ್ನು ನೋಡಿದ. ಮೊಮ್ಮಗಳು ಮುಂದೆ ಬಂದು ಫೋನ್ ತೆಗೆದುಕೊಂಡಳು.

"ನನಗ ಬ್ಯಾನಿ ಐತಂತ ನೀವು ಯಾರ್ ಯಾರಿಗೆ ಹೇಳೀರಿ, ಅಷ್ಟೂ ಮಂದಿಗೆ ಇಲ್ಲಂತ ಹೇಳ್ರಿ. ಅದ ಉಪಯೋಗ."

ಹೇಳ್ತೀವಿ ಅಂದರು ಅರಕೇರಿಯ ಹಿರಿಯರು. ಅವಳು ಫೋನ್ ಆರಿಸಿ ಹುಡುಗನ ತಂದೆಯ ಕೈಗೆ ಕೊಟ್ಟಳು. ಆರರ ಬಸ್ಸು ಬರುವ ಮೊದಲೇ ನಾವು ಸ್ಟ್ಯಾಂಡಿನಲ್ಲಿದ್ದೆವು.