ಗೇನ್ಸ್ ಕಾರಿನಲ್ಲಿ ಕೂತ ಗುರುವಾರಗಳು

ಅಲಾಂಜೊ ಗೇನ್ಸ್ ಮತ್ತು ನಾನು ಒಂದೇ ಔಷಧಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆವು. ನಾನು ಕೌಂಟರಿನ ಒಳಗೆ, ಅವರು ಹೊರಗೆ. ನಾನು ಪೊಟ್ಟಣ ಕಟ್ಟಿ ಹೆಸರು ಬರೆದಿಟ್ಟರೆ ಅವರು ತಮ್ಮ ಹಳೆಯ ನೀಲಿ ಕಾರಿನಲ್ಲಿ ಹಾಕಿಕೊಂಡು ನಮ್ಮೂರು ಕಾಲ್ಡರ್‌ವಿಲ್‌ನ ಮೂಲೆಮೂಲೆಗೂ ತಲುಪಿಸುತ್ತಿದ್ದರು. ಹಾಸಿಗೆ ಬಿಟ್ಟೇಳಲಾಗದ ವಯಸ್ಸಾದವರು, ಆಪರೇಷನ್ ಆದವರು, ಕ್ಯಾನ್ಸರಿನವರು. ಗೇನ್ಸ್ ಅವರದು ಆರಡಿ ಮೂರಂಗುಲ ಎತ್ತರ, ಅಗಲ ಭುಜ, ನಿಧಾನದ ನಡಿಗೆ. ಔಷಧಿ ಕೊಟ್ಟು ಸುಮ್ಮನೆ ಹಿಂದಿರುಗುವ ಪೈಕಿಯಲ್ಲ. ಒಬ್ಬರ ಮನೆಯಲ್ಲಿ ಬಲ್ಬು ಬದಲಿಸುತ್ತಿದ್ದರು, ಇನ್ನೊಬ್ಬರ ಮನೆಯಲ್ಲಿ ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಿದ್ದರು. ಮಿಸೆಸ್ ಹ್ಯಾಡ್ಲಿ ಎಂಬ ಬಿಳಿಯ ಅಜ್ಜಿ ಮೊದಲ ಎರಡು ವರ್ಷ ಬಾಗಿಲಿನ ಸರಪಳಿ ತೆಗೆಯದೆ ಸಂದಿನಲ್ಲೇ ಇನ್ಸುಲಿನ್ ಇಸಿದುಕೊಂಡರು. ಮೂರನೆಯ ವರ್ಷದಿಂದ ನಿಂಬೆಯ ಕೇಕು ಮಾಡಿಟ್ಟು ಕಾಯತೊಡಗಿದರು.

ದಿನವಿಡೀ ರಸ್ತೆಯ ಮೇಲಿರುವ ಕಪ್ಪು ಮನುಷ್ಯನನ್ನು ಪೊಲೀಸರು ನಿಲ್ಲಿಸುವುದು ನಮ್ಮೂರಲ್ಲಿ ಸುದ್ದಿಯೇ ಅಲ್ಲ. "ಯಾಕೆ ತಡ, ಬ್ರದರ್ ಗೇನ್ಸ್?" ಎಂದು ನಾನು ಕೇಳಿದರೆ, "ನಿಲ್ಸಿದ್ರು, ಜನೀವಾ" ಅನ್ನುತ್ತಿದ್ದರು. ಅಷ್ಟೇ. ನಾನೂ ಮುಂದಿನ ಪೊಟ್ಟಣ ಕೈಗಿಡುತ್ತಿದ್ದೆ.

ಪಿಸ್ತೂಲು ಬಂದದ್ದು ಹದಿಮೂರನೆಯ ವರ್ಷದಲ್ಲಿ. ಪೆಟ್ರೋಲ್ ಬಂಕಿನ ಹಿಂದೆ ಇಬ್ಬರು ಗಂಡಸರು ಅವರ ಕುತ್ತಿಗೆಗೆ ಚಾಕು ಹಿಡಿದು ಒಬ್ಬ ಕ್ಯಾನ್ಸರ್ ರೋಗಿಯ ನೋವಿನ ಮಾತ್ರೆಗಳನ್ನೆಲ್ಲ ಕಿತ್ತುಕೊಂಡು ಹೋದರು. ಆ ರೋಗಿಗೆ ಬದಲಿ ಮಾತ್ರೆ ಸಿಗಲು ಒಂದೂವರೆ ದಿನ ಹಿಡಿಯಿತು. ತಮ್ಮ ಕುತ್ತಿಗೆಗೆ ಬಂದ ಚಾಕುವಿಗಿಂತ ಆ ಒಂದೂವರೆ ದಿನವೇ ಗೇನ್ಸ್ ಅವರನ್ನು ಹೆಚ್ಚು ಕಾಡಿತು. ಅರ್ಜಿ ಹಾಕಿ, ತರಗತಿಗೆ ಹೋಗಿ, ಬೆರಳಚ್ಚು ಕೊಟ್ಟು ಲೈಸೆನ್ಸ್ ಪಡೆದರು.

ಅವರ ಹೆಂಡತಿ ಅರ್ನೆಸ್ಟೀನ್ ನಮ್ಮ ಚರ್ಚಿನ ಅಡುಗೆಮನೆಯ ಯಜಮಾನಿ, ಬಾಯಿಯೂ ಜೋರು. ಪಿಸ್ತೂಲು ನೋಡಿದ ದಿನ ಅವರೆಂದದ್ದು ಇಷ್ಟು: "ಅಲಾಂಜೊ, ಇದು ಕಳ್ಳನ ಕಣ್ಣಿಗೆ ಬೀಳೋದಕ್ಕೆ ಮುಂಚೆ ಪೊಲೀಸ್ನೋರ ಕಣ್ಣಿಗೆ ಬೀಳತ್ತೆ. ಆಮೇಲೆ ನಾನು ಹೇಳ್ಲಿಲ್ಲ ಅನ್ಬೇಡ."

"ಕಾನೂನು ಪ್ರಕಾರ ತಗೊಂಡಿದೀನಿ ಕಣೇ."

"ಕಾನೂನು ನಿನ್ ಜೇಬಲ್ಲಿರತ್ತೆ. ಅವ್ರು ನೋಡೋದು ನಿನ್ ಮುಖಾನ."

ಗೇನ್ಸ್ ವಾದಿಸಲಿಲ್ಲ. ಕಾರು ಓಡಿಸುವುದು, ಪಿಸ್ತೂಲಿನದು ಎರಡೂ ಲೈಸೆನ್ಸುಗಳನ್ನು, ಕಣ್ಣಿಗೆ ಬಿಸಿಲು ಬೀಳದಂತೆ ಕಾರಿನ ಮುಂದಿನ ಗಾಜಿನ ಮೇಲಿರುವ ಮಡಚು ಹಲಗೆಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದರು. ಹೀಗಿದ್ದರೆ ಜೇಬಿಗೆ ಕೈ ಹಾಕುವ ಪ್ರಸಂಗವೇ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಆರು ವರ್ಷ ಆ ಲೆಕ್ಕಾಚಾರ ನಡೆಯಿತು. ಒಂದು ಅಕ್ಟೋಬರಿನ ಸಂಜೆ ನಾಲ್ಕು ಗಂಟೆಗೆ, ಸ್ವಚ್ಛ ಬಿಸಿಲಿನಲ್ಲಿ, ಹಿಂದಿನ ಬ್ರೇಕ್ ದೀಪ ಉರಿಯುತ್ತಿಲ್ಲವೆಂದು ಅವರನ್ನು ನಿಲ್ಲಿಸಿದರು. ಬಂದವನು ಬ್ರೆಟ್ ಹಾಲೊವೆ ಎಂಬ ಇಪ್ಪತ್ನಾಲ್ಕು ವರ್ಷದ ಬಿಳಿಯ ಪೊಲೀಸ್. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಗೇನ್ಸ್ ಕಿಟಕಿ ಇಳಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಆಮೇಲೆ ನಡೆದದ್ದೆಲ್ಲ ಹಾಲೊವೆಯ ಎದೆಯ ಮೇಲಿನ ಕ್ಯಾಮೆರಾದಲ್ಲಿದೆ. ನಾನು ಅದನ್ನು ಒಂದೇ ಸಲ ನೋಡಿದ್ದು.

"ನಮಸ್ಕಾರ ಸರ್. ನಿಮ್ಮ ಬ್ರೇಕ್ ಲೈಟ್ ಹೋಗಿದೆ."

"ಹೌದಾ, ಗೊತ್ತಾಗ್ಲಿಲ್ಲ. ಆಫೀಸರ್, ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ನನ್ ಹತ್ರ ಪಿಸ್ತೂಲಿದೆ. ಲೈಸೆನ್ಸೂ ಇದೆ."

ಅಲ್ಲಿಂದ ಹುಡುಗನ ದನಿ ಬದಲಾಯಿತು. 'ನೀವು' ಹೋಗಿ 'ನೀನು' ಆಯಿತು. "ಅದನ್ನ ಮುಟ್ಬೇಡ."

"ಮುಟ್ಟಲ್ಲ."

"ಅಲ್ಲಾಡ್ಬೇಡ. ಲೈಸೆನ್ಸ್ ತೋರ್ಸು."

ಅಲ್ಲಾಡದೆ ತೋರಿಸುವುದು ಹೇಗೆ? ಗೇನ್ಸ್ ಒಂದು ಕ್ಷಣ ಯೋಚಿಸಿ, "ಇಲ್ಲೇ ಮೇಲಿದೆ, ಆಫೀಸರ್" ಎಂದು ಎಡಗೈಯನ್ನು ಹಲಗೆಯ ಕಡೆಗೆ ಎತ್ತಿದರು. ಹಾಲೊವೆ ಗುಂಡು ಹಾರಿಸಿದ. ಅದು ತೋಳಿನ ಮೂಳೆ ಮುರಿದುಕೊಂಡು ಹೋಗಿ ಸೀಟಿನಲ್ಲಿ ಹೂತಿತು.

ಆಮೇಲಿನ ಎರಡು ನಿಮಿಷದ ಬಗ್ಗೆ ಊರೆಲ್ಲ ಮಾತಾಡಿಕೊಂಡಿತು. ಹಾಲೊವೆ ರೇಡಿಯೋದಲ್ಲಿ ಆಂಬುಲೆನ್ಸ್ ಕರೆಯುತ್ತಿದ್ದಾನೆ, ಅಳುತ್ತಿದ್ದಾನೆ. ಗೇನ್ಸ್ ಬಲಗೈಯನ್ನು ಇನ್ನೂ ಸ್ಟಿಯರಿಂಗಿನಿಂದ ತೆಗೆದಿಲ್ಲ. "ಹಿಂದಿನ ಸೀಟಲ್ಲಿ ಕಂದು ಚೀಲ ಇದೆ. ಅದ್ರಲ್ಲಿ ಗಾಯಕ್ಕೆ ಸುತ್ತೋ ಬಟ್ಟೆ ಇದೆ. ಅದನ್ನ ತಗೊಂಡು ಇಲ್ಲಿ ಒತ್ತಿ ಹಿಡ್ಕೊ" ಎನ್ನುತ್ತಿದ್ದಾರೆ. "ಅಂಗಡಿಗೆ ಫೋನ್ ಮಾಡಿ ಜನೀವಾಗೆ ಹೇಳ್ಬೇಕು. ಹ್ಯಾಡ್ಲಿ ಅವ್ರ ಇನ್ಸುಲಿನ್ ತಂಪು ಪೆಟ್ಟಿಗೇಲಿದೆ. ಐಸ್ ಕರಗಿದ್ರೆ ಹಾಳಾಗತ್ತೆ."

ಫೋನು ನನಗೆ ಬಂತು, ಆದರೆ ಅರ್ಧ ಗಂಟೆಯ ನಂತರ, ಅರ್ನೆಸ್ಟೀನ್ ಅವರಿಂದ.

ಚರ್ಚಿನವರೆಲ್ಲ ಸೇರಿ ಪುರಸಭೆಯವರೆಗೆ ನಡೆದೆವು. ಪಾದ್ರಿ ಮಾತಾಡಿದರು, ನಾನೂ ಮಾತಾಡಿದೆ. ಏಳು ತಿಂಗಳ ಮೇಲೆ ಮೊಕದ್ದಮೆ ಹೂಡಬೇಕೋ ಬೇಡವೋ ಎಂದು ನಿರ್ಧರಿಸುವ ನಾಗರಿಕರ ಜ್ಯೂರಿ ಕೂತು ಬೇಡವೆಂದಿತು. ಹಾಲೊವೆಗೆ ಪ್ರಾಣಭಯವಾಗಿತ್ತು, ಭಯಕ್ಕೆ ಕಾರಣವೂ ಇತ್ತು ಎಂಬುದು ಅವರ ತೀರ್ಮಾನ. ಅಷ್ಟರಲ್ಲಿ ಆ ಹುಡುಗ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದ. ಗೇನ್ಸ್ ಆ ತೀರ್ಮಾನದ ವರದಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಪೂರ್ತಿ ಓದಿದರು.

"ಜನೀವಾ, ಅವನಿಗೆ ಭಯ ಆಯ್ತು ಅಂತ ಹನ್ನೊಂದು ಕಡೆ ಬರ್ದಿದಾರೆ" ಎಂದರು. "ನನ್ ಭಯದ ಬಗ್ಗೆ ಯಾರೂ ಕೇಳೇ ಇಲ್ಲ."

ಪೊಲೀಸರು ಪಿಸ್ತೂಲನ್ನು ಒಂದು ಕಾಗದದ ಚೀಲದಲ್ಲಿ ಹಾಕಿ ಹಿಂತಿರುಗಿಸಿದರು. ಅರ್ನೆಸ್ಟೀನ್ ಮಾರಿಬಿಡು ಎಂದರು. ಗೇನ್ಸ್ ಒಪ್ಪಲಿಲ್ಲ. "ಮಾರಿದ್ರೆ ತಪ್ಪು ನಂದೇ ಅಂತ ನಾನೇ ಒಪ್ಕೊಂಡ ಹಾಗಾಗತ್ತೆ" ಎಂದರು. ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಬೆರಳುಗಳಿಗೆ ಹಿಡಿತವಿಲ್ಲ, ಆ ಪಿಸ್ತೂಲಿಗೆ ಗುಂಡು ತುಂಬಲೂ ಅವರಿಂದಾಗದು. ಆದರೂ ಲೈಸೆನ್ಸಿನ ಅವಧಿ ಮುಗಿದಾಗಲೆಲ್ಲ ತಪ್ಪದೆ ಹೋಗಿ ನವೀಕರಿಸಿಕೊಂಡು ಬರುತ್ತಾರೆ.

ಮರುವರ್ಷ ಹೊಸ ಪೊಲೀಸರ ತರಬೇತಿಗೆ ಲೊರೇನ್ ಬಾಸ್ಕಿನ್ ಎಂಬಾಕೆ ಮುಖ್ಯಸ್ಥೆಯಾಗಿ ಬಂದರು. ನಮ್ಮ ಹಾಗೆ ಕಪ್ಪು ಜನವೇ, ಆದರೆ ಹೊರಗಿನ ಜಿಲ್ಲೆಯವರು. ಒಂದು ದಿನ ಸಮವಸ್ತ್ರವಿಲ್ಲದೆ ಗೇನ್ಸ್ ಅವರ ಮನೆಗೆ ಬಂದು, ಹೊಸಬರ ಮುಂದೆ ನಿಂತು ನಾಲ್ಕು ಮಾತಾಡಬೇಕೆಂದು ಕೇಳಿದರು.

"ಮಾತಿಗೆ ತಲೆ ಆಡಿಸ್ತಾರೆ, ಮೇಡಂ" ಎಂದರು ಗೇನ್ಸ್. "ಒಂದು ಕೆಲ್ಸ ಮಾಡಿ. ನಾನು ಕಾರಲ್ಲಿ ಕೂತಿರ್ತೀನಿ. ಒಬ್ಬೊಬ್ರಾಗಿ ಬಂದು ನನ್ನ ನಿಲ್ಲಿಸ್ಲಿ. ನಾನು ಅವತ್ತು ಹೇಳಿದ್ದನ್ನೇ ಹೇಳ್ತೀನಿ."

ಅರ್ನೆಸ್ಟೀನ್ ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟರು. ತಟ್ಟೆಗೆ ಬಡಿಸುವುದನ್ನು ಬಿಡಲಿಲ್ಲ.

ಮುಚ್ಚಿಹೋದ ಒಂದು ದೊಡ್ಡ ಅಂಗಡಿಯ ಮುಂದಿನ ಕಾರು ನಿಲ್ಲಿಸುವ ಜಾಗದಲ್ಲಿ, ಗುರುವಾರ ಬೆಳಿಗ್ಗೆ ತರಬೇತಿ. ಹದಿನೆಂಟು ಜನ ಹೊಸಬರು. ಅವರ ಬಂದೂಕಿನಲ್ಲಿ ಗುಂಡಿನ ಬದಲು ಬಣ್ಣದ ಗುಳಿಗೆ. ಗೇನ್ಸ್ ಅವರಿಗೆ ದಪ್ಪ ಅಂಗಿ, ಮುಖಕ್ಕೆ ಜಾಲರಿ, ಸೊಂಟದಲ್ಲಿ ರಬ್ಬರಿನ ಪಿಸ್ತೂಲು. ಅದೇ ಬ್ರೇಕ್ ದೀಪ, ಅದೇ ಮಾತು. ಹದಿನೆಂಟರಲ್ಲಿ ಐದು ಜನ ಗುಂಡು ಹೊಡೆದರು.

ಮಧ್ಯಾಹ್ನ ಅದೇ ಕಾರಿನಲ್ಲಿ, ಅದೇ ಅಂಗಿ, ಅದೇ ಜಾಲರಿ ಹಾಕಿಕೊಂಡು ಡೇಲ್ ಕ್ರಮ್ಲಿ ಎಂಬ ಬಿಳಿಯ ನಿವೃತ್ತ ಮೇಷ್ಟ್ರು ಕೂತರು. ಅದೇ ಮಾತನ್ನು ಅಕ್ಷರ ಬಿಡದೆ ಹೇಳಿದರು. ಬೆಳಿಗ್ಗೆ ಒಮ್ಮೆ ಎಡವಿದವರು ಮಧ್ಯಾಹ್ನ ಎಚ್ಚರವಾಗಿದ್ದರು ಎಂಬ ಮಾತು ಬರಬಾರದೆಂದು ಬಾಸ್ಕಿನ್ ಮುಂದಿನ ತಂಡದಲ್ಲಿ ಕ್ರಮ ಬದಲಿಸಿ ಮೊದಲು ಡೇಲ್ ಅವರನ್ನೇ ಕೂರಿಸಿದರು. ಎರಡೂ ಸಲ ಡೇಲ್ ಅವರಿಗೆ ಒಬ್ಬರೂ ಹೊಡೆಯಲಿಲ್ಲ. ಬಾಸ್ಕಿನ್ ಬರೆಯುವ ಹಲಗೆಯ ಮೇಲೆ ಎರಡೂ ಹೆಸರು ಬರೆದು ಪಕ್ಕದಲ್ಲಿ ಅಂಕಿ ಹಾಕಿ ಹೊಸಬರ ಕಡೆ ತಿರುಗಿದರು.

ಒಬ್ಬ ಎದ್ದು, "ಮಿಸ್ಟರ್ ಗೇನ್ಸ್ ಅವ್ರ ದನಿ ಗಡುಸು, ಮೇಡಂ. ಅದಕ್ಕೇ ಇರ್ಬೇಕು" ಎಂದ.

ಡೇಲ್ ತಮ್ಮ ಪಾಠ ಹೇಳಿ ಹೇಳಿ ಒರಟಾದ ಗಂಟಲಲ್ಲಿ, "ಏನಪ್ಪಾ, ನನ್ ದನಿಗಿಂತಲಾ?" ಎಂದರು. ಅವನು ಕೂತ.

ಮೊದಲ ದಿನ ಹೊಡೆದ ಆ ಐದು ಜನರಲ್ಲಿ ಒಬ್ಬನ ಹೆಸರು ಟೊಬಾಯಸ್ ಮಿಮ್ಸ್. ನಮ್ಮ ಚರ್ಚಿನ ಹಾಡಿನ ತಂಡದಲ್ಲಿರುವ, ನಾವೆಲ್ಲ ಸಿಸ್ಟರ್ ಮಿಮ್ಸ್ ಎಂದು ಕರೆಯುವಾಕೆಯ ಮಗ, ಗೇನ್ಸ್ ಅವರಷ್ಟೇ ಕಪ್ಪು. ಅವನ ಬಣ್ಣ ಗೇನ್ಸ್ ಅವರ ಎದೆಗೇ ಬಿದ್ದಿತ್ತು. ಎಲ್ಲರೂ ಊಟಕ್ಕೆ ಹೋದ ಮೇಲೂ ಅವನು ಕಾರಿನ ಪಕ್ಕದಲ್ಲೇ ನಿಂತಿದ್ದ.

"ಗೇನ್ಸ್ ಅಂಕಲ್, ನನ್ಗೆ ನೀವು ಗೊತ್ತು. ಚಿಕ್ಕಂದಿನಿಂದ ಗೊತ್ತು. ಆದ್ರೂ ಪಿಸ್ತೂಲು ಅಂದ ತಕ್ಷಣ ನೀವು ನೀವಾಗಿ ಕಾಣ್ಲಿಲ್ಲ."

ಗೇನ್ಸ್ ಬಾಗಿಲು ತೆಗೆದು ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ಆಮೇಲೆ, "ನಿಮ್ಮಮ್ಮನಿಗೆ ನಾನು ಹೇಳಲ್ಲ. ನೀನೇ ಹೇಳು" ಎಂದರಂತೆ. ಅವನು ಹೇಳಿದ. ಆ ಭಾನುವಾರ ಸಿಸ್ಟರ್ ಮಿಮ್ಸ್ ಹಾಡಲು ಎದ್ದವರು ಹಾಡದೆ ಕೂತರು.

ಗೇನ್ಸ್ ಕಲಿಸಿದ್ದು ಹೆಚ್ಚೇನಿಲ್ಲ. ಒಂದು ಸಲಕ್ಕೆ ಒಂದೇ ಆಜ್ಞೆ ಕೊಡಿ. ಕೈ ಎಲ್ಲಿಡಬೇಕೆಂದು ಹೇಳಿ. ಪಿಸ್ತೂಲು ಎಲ್ಲಿದೆ, ಲೈಸೆನ್ಸ್ ಎಲ್ಲಿದೆ ಎಂದು ಕೇಳಿ. ಆಮೇಲೆ ಕಾಯಿರಿ. ಕಾಯುವುದೇ ಅವರಿಗೆ ಬರುತ್ತಿರಲಿಲ್ಲ. "ಉಸಿರು ತಗೊಳ್ರಪ್ಪ. ನಾನೂ ತಗೋತೀನಿ" ಅನ್ನುತ್ತಿದ್ದರು.

ಬಣ್ಣ ಮೆತ್ತಿದ ಅಂಗಿಯನ್ನು ತೊಳೆಯುವುದಿಲ್ಲವೆಂದು ಅರ್ನೆಸ್ಟೀನ್ ಹೇಳಿಬಿಟ್ಟಿದ್ದರು. ಗೇನ್ಸ್ ಒಂದೇ ಕೈಯಲ್ಲಿ ಹಿತ್ತಲ ನಲ್ಲಿಯ ಕೆಳಗೆ ಉಜ್ಜಿಕೊಳ್ಳುತ್ತಿದ್ದರು. ಆದರೆ ಎರಡನೆಯ ವರ್ಷ ಒಂದು ಗುರುವಾರ ಆಕೆ ತಾನೂ ನೋಡುತ್ತೇನೆಂದು ಬಂದರು. ಮೊದಲ ಇಬ್ಬರನ್ನು ದೂರದಿಂದ ನೋಡಿದರು. ಮೂರನೆಯವನು ಬರುವಷ್ಟರಲ್ಲಿ ಬಾಸ್ಕಿನ್ ಹತ್ತಿರ ಹೋಗಿ, "ಆ ಜಾಲರಿ ನನಗೂ ಒಂದು ಕೊಡಿ" ಎಂದರು. "ನನ್ ಗಂಡ ಒಬ್ನೇ ಎಲ್ಲಿಗ್ ಹೋಗ್ತಾನೆ? ಪಕ್ಕದಲ್ಲಿ ಹೆಂಡ್ತಿ ಇರ್ತಾಳೆ. ಹೆಂಡ್ತಿ ಮಾತಾಡ್ತಾಳೆ. ಅದನ್ನೂ ಕಲೀಲಿ."

ಅಂದಿನಿಂದ ಹೊಸಬರ ಪಾಡು ಕೇಳಬೇಡಿ. ಅರ್ನೆಸ್ಟೀನ್ ಸುಮ್ಮನೆ ಕೂರುವುದಿಲ್ಲ. "ಯಾವ ಬ್ರೇಕ್ ಲೈಟಪ್ಪ? ಮಂಗಳವಾರ ತಾನೇ ಹಾಕ್ಸಿದೀವಿ." "ಇವ್ರಿಗೆ ಶುಗರ್ ಇದೆ, ಬೇಗ ಮುಗ್ಸು." "ನಿನ್ ಹೆಸ್ರೇನು? ಯಾರ್ ಮಗ ನೀನು?" ಎಂದು ಒಂದೇ ಸಮನೆ ಕೇಳುತ್ತಾರೆ. ಆ ಗದ್ದಲದ ನಡುವೆ ಗೇನ್ಸ್ ತಣ್ಣಗೆ ಪಿಸ್ತೂಲಿನ ಮಾತು ಹೇಳಬೇಕು, ಪೊಲೀಸ್ ಅದನ್ನು ಕೇಳಿಸಿಕೊಳ್ಳಬೇಕು. ಒಬ್ಬನಂತೂ ಸೋತು, "ಅಮ್ಮಾ, ಒಂದೇ ಒಂದ್ ನಿಮಿಷ" ಎಂದು ಕೈಮುಗಿದುಬಿಟ್ಟ. ಅವನು ಪಾಸಾದ.

ನಾಲ್ಕನೆಯ ವರ್ಷ, ಇದೇ ತರಬೇತಿ ಮುಗಿಸಿದ್ದ ಒಬ್ಬ ಪೊಲೀಸ್ ಒಂದು ರಸ್ತೆ ತಿರುವಿನಲ್ಲಿ ಮೂವತ್ತು ವರ್ಷದ ಮರಗೆಲಸದವನೊಬ್ಬನನ್ನು ಗುಂಡಿಟ್ಟು ಕೊಂದ. ಸತ್ತವನ ಕಾರಿನಲ್ಲಿ ಯಾವ ಆಯುಧವೂ ಇರಲಿಲ್ಲ. ಗೇನ್ಸ್ ದಂಪತಿ ಮಣ್ಣಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದರು. ಆಮೇಲೆ ಮೂರು ಗುರುವಾರ ಗೇನ್ಸ್ ಮನೆಯಿಂದ ಹೊರಡಲಿಲ್ಲ. ನಾನು ನೋಡಲು ಹೋದಾಗ ವರಾಂಡದ ಕುರ್ಚಿಯಲ್ಲಿ ಕೂತಿದ್ದರು.

"ಅವನು ನನ್ ಕೈಯಲ್ಲಿ ಚೆನ್ನಾಗೇ ಮಾಡಿದ್ದ" ಎಂದರು. "ಒಂದ್ಸಲಾನೂ ಹೊಡೆದಿರ್ಲಿಲ್ಲ."

ಅರ್ನೆಸ್ಟೀನ್ ಒಳಗಿನಿಂದ ತಣ್ಣನೆಯ ಸಿಹಿ ಟೀ ತಂದಿಟ್ಟು ಹೋದರು.

ನಾಲ್ಕನೆಯ ಗುರುವಾರ ಅವರು ಮತ್ತೆ ಹೋದರು. ಯಾಕೆಂದು ನಾನು ಕೇಳಿದೆ. ಗೇನ್ಸ್, "ಈಗ ಬಂದಿರೋ ಹೊಸ ಹದಿನೆಂಟು ಜನ ಇನ್ನೂ ಯಾರಿಗೂ ಏನೂ ಮಾಡಿಲ್ವಲ್ಲ, ಜನೀವಾ" ಎಂದರು.

ಹೋದ ತಂಡದಲ್ಲಿ ಗೇನ್ಸ್ ಅವರಿಗೆ ಇಬ್ಬರು ಹೊಡೆದರು, ಡೇಲ್ ಅವರಿಗೆ ಒಬ್ಬ. ಇದನ್ನು ಒಳ್ಳೆಯದೆನ್ನಬೇಕೋ ಬೇಡವೋ ಎಂದು ಡೇಲ್ ಕೇಳಿದರಂತೆ. ಈಗ ಗೇನ್ಸ್ ಅವರಿಗೆ ಎಪ್ಪತ್ತು. ಬಾಸ್ಕಿನ್ ನಿವೃತ್ತರಾಗಿದ್ದಾರೆ. ಅವರ ಜಾಗಕ್ಕೆ ಬಂದವರು, "ಇನ್ನು ವಿಶ್ರಾಂತಿ ತಗೊಳ್ಳಿ" ಎಂದು ಸೂಚಿಸಿದಾಗ ಅರ್ನೆಸ್ಟೀನ್, "ನಾವೇನ್ ಸುಸ್ತಾಗಿದೀವಿ ಅಂದ್ವಾ?" ಎಂದು ಕೇಳಿ ಬಾಯಿ ಮುಚ್ಚಿಸಿದರು.

ಈ ವಾರ ಮಾತ್ರ ಆಲಿಕಲ್ಲು ಮಳೆ ಬಿದ್ದು ತರಬೇತಿ ನಿಂತುಹೋಯಿತು. ಬೆಳಿಗ್ಗೆಯೇ ಸಿದ್ಧವಾಗಿ ಕೂತಿದ್ದ ಗಂಡಹೆಂಡಿರು ನನಗೆ ಫೋನ್ ಮಾಡಿ ಕರೆದರು. ಮೂವರೂ ನದಿ ದಂಡೆಯ ಹೋಟೆಲಿಗೆ ಹೋಗಿ, ಮೆಕ್ಕೆಜೋಳದ ಹಿಟ್ಟು ಹಚ್ಚಿ ಕರಿದ ಮೀನು ತಿಂದೆವು. ಮೀನಿಗೆ ಉಪ್ಪು ಕಡಿಮೆಯಾಯಿತೆಂದು ಅರ್ನೆಸ್ಟೀನ್ ಅಡುಗೆಯವನನ್ನು ಹೊರಗೆ ಕರೆಸಿದರು. ಗೇನ್ಸ್ ತಲೆ ತಗ್ಗಿಸಿ ತಿನ್ನುತ್ತ ಕೂತರು.