ನೇರಳೆ ಬಣ್ಣವಿಲ್ಲದ ಅಂಟುಚೀಟಿ

ಹಳೆಯ ಇಮೇಲ್ ಪ್ರೋಗ್ರಾಮನ್ನು ಶುಕ್ರವಾರ ಸಂಜೆಯೊಳಗೆ ತೆಗೆದುಹಾಕುತ್ತಾರೆ, ಅದರೊಳಗಿನ ಅಂಟುಚೀಟಿಗಳೂ ಜೊತೆಗೇ ಹೋಗುತ್ತವೆ ಎಂದು ಕಂಪ್ಯೂಟರ್ ವಿಭಾಗದ ಮುಕ್ ಬಂದು ಹೇಳಿದಾಗ ಲಮ್ಯಾಯ್ ಸೀಗಡಿ ಪೆಟ್ಟಿಗೆಗಳ ರಫ್ತು ಕಾಗದಕ್ಕೆ ಮೊಹರು ಒತ್ತುತ್ತಿದ್ದಳು. ಮೊಹರು ಅಡ್ಡ ಬಿತ್ತು.

“ಬೇಕಾದ್ದು ಇದ್ರೆ ಈಗ್ಲೇ ತೆಗೆದಿಟ್ಕೊಳ್ಳಿ ಅಕ್ಕ. ಹೊಸದಕ್ಕೆ ಇವು ಬರಲ್ಲ.”

“ಎಷ್ಟಿವೆ ನೋಡು.”

“ಅಯ್ಯೋ, ನೂರಾ ಹನ್ನೊಂದು! ಏನಕ್ಕಾ, ಮ್ಯೂಸಿಯಂ ಇಡ್ತೀರಾ?”

“ನಿಂಗ್ಯಾಕೆ ಆ ಉಸಾಬರಿ? ನಿನ್ನ ಕೆಲಸ ನೋಡ್ಕೊಂಡು ಹೋಗು.”

ಮುಕ್ ನಗುತ್ತಾ ಹೋದಳು. ಲಮ್ಯಾಯಳ ಮಾತಿಗೆ ಬೇಸರ ಮಾಡಿಕೊಳ್ಳುವವರು ಆ ಆಫೀಸಿನಲ್ಲಿ ಯಾರೂ ಇಲ್ಲ. ಲಮ್ಯಾಯ್ ಎಂದರೆ ಹಣ್ಣಿನ ಹೆಸರು. ಹುಟ್ಟಿದಾಗ ಉರುಟಾಗಿದ್ದಳೆಂದು ಮನೆಯವರು ಹಾಗೆ ಕರೆದರು, ಈಗ ನಲವತ್ತೇಳನೇ ವಯಸ್ಸಿಗೆ ಕಡ್ಡಿಯಂತಾದರೂ ಹೆಸರು ಬಿಡಲಿಲ್ಲ. ಮಹಾಚಾಯ್ ಬಂದರಿನ ಈ ಮೇಜಿಗೆ ಬಂದು ಇಪ್ಪತ್ಮೂರು ವರ್ಷ. ರೈಲು ಹಳಿಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಮದುವೆಯ ಮಾತೆತ್ತಿದರೆ, “ನಿನ್ನ ಗಂಡನ್ನ ನೋಡಿದ ಮೇಲೆ ಆ ಆಸೆ ಬಿಟ್ಟೆ ಕಣೇ,” ಎಂದು ಮೀನು ಮಾರುವವಳ ಬಾಯಿ ಮುಚ್ಚಿಸುತ್ತಾಳೆ. ಆದರೆ ಆಸೆ ಬಿಟ್ಟವಳು ನೂರಾ ಹನ್ನೊಂದು ಚೀಟಿಗಳನ್ನು ಒಂಬತ್ತು ವರ್ಷ ಕಾಯುತ್ತಾ ಕೂರುವುದಿಲ್ಲ.

ಆಗ ಈ ಮೇಜಿಗೆ ಒಂದೇ ಕಂಪ್ಯೂಟರ್, ಒಂದೇ ಪಾಸ್‌ವರ್ಡ್, ಕೂರುವವರು ಇಬ್ಬರು. ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ ಲಮ್ಯಾಯ್. ಹಗಲೆಲ್ಲ ಹಡಗುಕಟ್ಟೆಯಲ್ಲಿ ಸುಂಕದವರ ಹಿಂದೆ ಅಲೆದು ಐದಕ್ಕೋ ಆರಕ್ಕೋ ಬಂದು ಕೂರುವವನು ಸನಿತ್. ಉತ್ತರದ ಲಂಪಾಂಗ್ ಕಡೆಯವನು, ಅಜ್ಜಿ ಸಾಕಿದ ಹುಡುಗ, ಮೆಲುಮಾತಿನವನು, ಅವಳಿಗಿಂತ ಎರಡು ವರ್ಷ ದೊಡ್ಡವನು. ತಿಂಗಳಿಗೊಮ್ಮೆ ಸಂಬಳದ ದಿನ ಮುಖ ನೋಡಿದರೆ ಹೆಚ್ಚು. ಮಿಕ್ಕ ಮಾತೆಲ್ಲ ಇಮೇಲ್ ಪ್ರೋಗ್ರಾಮಿನ ಮೂಲೆಯಲ್ಲಿದ್ದ ಅಂಟುಚೀಟಿಗಳಲ್ಲಿ.

ಚೀಟಿಗಳೆಲ್ಲ ತಾವಾಗಿಯೇ ಹಳದಿಯಾಗಿ ಹುಟ್ಟುತ್ತಿದ್ದವು. ಯಾರದು ಯಾರಿಗೆ ಎಂದು ತಿಳಿಯದೆ ಒಂದು ಸಲ ಸುಂಕದ ಕಾಗದವೇ ತಪ್ಪಿತು. ಮೇಲಧಿಕಾರಿ ರಂಫಾ ಮೇಡಂ ಇಬ್ಬರಿಗೂ ಬೈದರು. ಆಗ ಲಮ್ಯಾಯ್ ಅದರ ಸೆಟ್ಟಿಂಗನ್ನೆಲ್ಲ ತಡಕಾಡಿ, ಬಣ್ಣ ಬದಲಿಸುವುದು ಹೇಗೆ, ಅಕ್ಷರ ದಪ್ಪ ಮಾಡುವುದು ಹೇಗೆ, ಚೀಟಿಯನ್ನು ಅಗಲ ಮಾಡುವುದು ಹೇಗೆ ಎಂದು ಕಲಿತು ಸನಿತ್‌ಗೂ ಬರೆದಿಟ್ಟಳು. ನಮ್ಮಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣವಿದೆ. ಸನಿತ್ ಒಂದು ಉಪಾಯ ಹೂಡಿದ: ಯಾರಿಗೆ ಬರೆಯುತ್ತೇವೋ ಅವರು ಹುಟ್ಟಿದ ವಾರದ ಬಣ್ಣ ಹಾಕೋಣ. ಲಮ್ಯಾಯ್ ಶುಕ್ರವಾರದವಳು, ಅವಳಿಗೆ ನೀಲಿ. ಎಲ್ಲರೂ ನೋಡಬೇಕಾದ ಆಫೀಸಿನ ಕೆಲಸಕ್ಕೆ ಇದ್ದ ಹಳದಿಯೇ ಇರಲಿ, ಕೆಲಸ ಮುಗಿದ ಮೇಲೆ ಅಳಿಸೋಣ. ಸನಿತ್ ಶನಿವಾರದವನು, ನೇರಳೆ ಬೇಕು. ಆ ಪ್ರೋಗ್ರಾಮ್ ಮಾಡಿದ ಪುಣ್ಯಾತ್ಮರಿಗೆ ವಾರದಲ್ಲಿ ಏಳು ದಿನ ಇವೆಯೆಂದೇ ಗೊತ್ತಿರಲಿಲ್ಲವೋ ಏನೋ, ಕೊಟ್ಟದ್ದು ಐದೇ ಬಣ್ಣ: ನೀಲಿ, ಹಸಿರು, ಗುಲಾಬಿ, ಹಳದಿ, ಬಿಳಿ.

‘ನನ್ನ ನೇರಳೆ ಎಲ್ಲಿ?’ ಎಂದು ಸನಿತ್ ನೀಲಿ ಚೀಟಿಯಲ್ಲಿ ಕೇಳಿದ. ಹಸಿರು ಬುಧವಾರದ್ದು, ಗುಲಾಬಿ ಮಂಗಳವಾರದ್ದು. ಯಾರ ವಾರಕ್ಕೂ ಸೇರದೆ ಉಳಿದದ್ದು ಬಿಳಿಯೊಂದೇ ಎಂದು ಲಮ್ಯಾಯ್ ಅದನ್ನೇ ಅವನದಾಗಿ ಮಾಡಿದಳು. ‘ನೇರಳೆ ಸಿಗಲಿಲ್ಲ ಪೀ, ಇನ್ನು ಬಿಳಿ ನಿಮ್ಮದು,’ ಎಂದು ಬಿಳಿ ಚೀಟಿಯಲ್ಲೇ ಬರೆದಳು. ‘ಪೀ’ ಎಂದು ಬರೆಯುವ ಮುಂಚೆ ಹತ್ತು ಸಲ ಅಳಿಸಿದ್ದಳು. ನಮ್ಮಲ್ಲಿ ತನಗಿಂತ ದೊಡ್ಡವನಾದ ಯಾವ ಸಹೋದ್ಯೋಗಿಯನ್ನೂ ಹಾಗೆ ಕರೆಯಬಹುದು, ಗಂಡನನ್ನೂ ಹಾಗೆಯೇ ಕರೆಯುತ್ತೇವೆ. ಅವಳ ಕಿವಿ ಕೆಂಪಾದದ್ದು ಎರಡನೆಯದಕ್ಕೆ.

ಮುಚ್ಚಿದ ಚೀಟಿಯ ಮೇಲೆ ಅದರ ಮೊದಲ ಸಾಲು ಮಾತ್ರ ಕಾಣುತ್ತದೆ. ಹೋಗಿ ಬರುವವರ ಕಣ್ಣಿಗೆ ಬೀಳಬಾರದೆಂದು ಅವಳು ಆ ಮೊದಲ ಬಿಳಿ ಚೀಟಿಯಿಂದಲೇ ಮೇಲಿನ ಸಾಲಿನಲ್ಲಿ ತಾರೀಖು ಬರೆದು, ಮನಸ್ಸಿನ ಮಾತನ್ನು ಎರಡನೇ ಸಾಲಿನಿಂದ ಶುರುಮಾಡುತ್ತಿದ್ದಳು. ‘ಹಡಗು ತಡ ಅಂತ ಕೇಳಿದೆ. ಊಟ ಮಾಡಿರಲ್ಲ ನೀವು. ಫ್ರಿಜ್ಜಿನಲ್ಲಿ ಮೀನು ಗಂಜಿ ಇಟ್ಟಿದ್ದೇನೆ.’ ‘ನಿನ್ನೆ ಕನಸಿನಲ್ಲಿ ಬಂದಿದ್ರಿ, ಅಲ್ಲೂ ಮಾತಾಡಲಿಲ್ಲ.’ ಬೆಳಿಗ್ಗೆ ಬಂದರೆ ಗಂಜಿಯ ಡಬ್ಬಿ ತೊಳೆದಿಟ್ಟಿರುತ್ತಿತ್ತು. ಪರದೆಯಲ್ಲಿ ಒಂದು ನೀಲಿ ಚೀಟಿ: ‘ಮಳೆ ಬರುವ ಹಾಗಿದೆ, ನನ್ನ ಛತ್ರಿ ಮೇಜಿನ ಕೆಳಗಿದೆ, ತಗೊಂಡು ಹೋಗಿ.’ ಕೇಳಿದ್ದಕ್ಕೆ ಒಮ್ಮೆಯೂ ಉತ್ತರ ಇರುತ್ತಿರಲಿಲ್ಲ, ನಿಜ. ಸಂಕೋಚದ ಪ್ರಾಣಿ, ಬಾಯಿ ಬಿಡುವುದಿಲ್ಲ, ಛತ್ರಿ ಬಿಟ್ಟು ಹೋಗುತ್ತದೆ ಎಂದು ಲಮ್ಯಾಯ್ ಒಬ್ಬಳೇ ನಗುತ್ತಿದ್ದಳು. ಆ ಒಂದು ವರ್ಷ ಅವಳು ಆಫೀಸಿಗೆ ಓಡೋಡಿ ಬರುತ್ತಿದ್ದಳು.

ಆಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಈ ನೀಲಿ ಚೀಟಿ ಇತ್ತು: ‘ಅಮ್ಮನಿಗೆ ಹುಷಾರಿಲ್ಲ. ಶನಿವಾರದ ಬಸ್ಸಿಗೆ ಲಂಪಾಂಗ್‌ಗೆ ಹೋಗುತ್ತೇನೆ. ಅಲ್ಲೇ ಉಳಿದು ಮದುವೆಯಾಗು ಅಂತ ಮನೆಯಲ್ಲಿ ಹಟ ಹಿಡಿದಿದ್ದಾರೆ. ನಿಮಗೆ ಏನಾದರೂ ಹೇಳುವುದಿದ್ದರೆ ಇವತ್ತು ಬರೆದಿಡಿ. ಬರೆದರೆ ವಾಪಸ್ ಬರುವ ದಾರಿ ಇಟ್ಟುಕೊಂಡೇ ಹೋಗುತ್ತೇನೆ.’ ಕೆಳಗೆ ಊರಿನ ಮನೆಯ ಫೋನ್ ನಂಬರ್.

ಅವಳು ತಾರೀಖು ಹಾಕಿ ಬಿಳಿ ಚೀಟಿ ಬರೆದಳು. ಐದೂವರೆಯವರೆಗೆ ಕಾದಳು. ಅವನು ಕಟ್ಟೆಯಿಂದ ಬಂದಿರಲಿಲ್ಲ, ಎದುರಿಗೆ ಸಿಕ್ಕರೆ ಏನು ಮಾಡುವುದೆಂಬ ದಿಗಿಲಿನಲ್ಲಿ ಎದ್ದು ಹೋದಳು. ಸೋಮವಾರ ಬಂದಾಗ ಹೊಸ ನೀಲಿ ಚೀಟಿ ಇರಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ನಾಲ್ಕು ತಿಂಗಳಿಗೆ ರಂಫಾ ಮೇಡಂ ಹೆಸರಿಗೆ ಮದುವೆಯ ಕರೆಯೋಲೆ ಬಂತು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಹೇಳುವುದು ಸುಲಭ ಸ್ವಾಮಿ. ಬರೆದದ್ದನ್ನು ಓದಿಯೂ ಹೊರಟುಹೋದವನಿಗೆ ಯಾವ ಹೆಣ್ಣು ಫೋನ್ ಮಾಡುತ್ತಾಳೆ? ಓದಿಯೂ ಹೋದನೆ? ಆ ಒಂದು ಮಾತು ಒಂಬತ್ತು ವರ್ಷ ಅವಳನ್ನು ಒಳಗೊಳಗೇ ಕೊರೆಯಿತು. ಮೀನು ಹುರಿಯುವಾಗ, ರೈಲಿಗೆ ಕಾಯುವಾಗ, ಹಬ್ಬದ ದಿನ ಎಲ್ಲರೂ ಊರಿಗೆ ಹೋಗಿ ಬೀದಿ ಖಾಲಿಯಾದಾಗ, ಅದೇ ಪ್ರಶ್ನೆ. ಈಗ ಚೀಟಿಗಳೂ ಹೋದರೆ ಕೇಳಲು ನೆಪವೂ ಉಳಿಯುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಆ ನಂಬರ್ ಒತ್ತಿದಳು.

“ಮಹಾಚಾಯ್ ಆಫೀಸಿಂದ. ನಾನು ಲಮ್ಯಾಯ್.”

ಆ ಕಡೆ ಸನಿತ್‌ನೇ ಇದ್ದ. “ಶುಕ್ರವಾರದ ಲಮ್ಯಾಯಾ?”

“ಮತ್ತೆಷ್ಟು ಜನ ಲಮ್ಯಾಯ್ ಇದ್ರು ನಿಮ್ಗೆ?”

ಸನಿತ್ ನಕ್ಕ. ಹೆಂಡತಿ, ಎರಡು ಮಕ್ಕಳು, ಪಿಂಗಾಣಿ ಬಟ್ಟಲಿನ ಕಾರ್ಖಾನೆಯಲ್ಲಿ ಕೆಲಸ ಎಂದು ಅವನು ತನ್ನ ಸಮಾಚಾರ ಹೇಳಿದ. ಅವಳು ಚೀಟಿಗಳ ವಿಷಯ ಹೇಳಿದಳು.

“ನಿಮ್ಮವು ನೀಲಿ ಅರವತ್ತೆಂಟಿವೆ. ಇಡ್ಲಾ, ಅಳಿಸ್ಲಾ?”

“ಇನ್ನೂ ಇಟ್ಕೊಂಡಿದೀರಾ?”

“ಅಳಿಸೋಕೆ ಪುರುಸೊತ್ತಾಗ್ಲಿಲ್ಲ,” ಎಂದು ಸುಳ್ಳು ಹೇಳಿದಳು. ಆಮೇಲೆ ತಡೆಯದೆ, “ಗಂಜಿ ಹೇಗಿದೆ ಅಂತ ಒಂದು ದಿನಾನೂ ಹೇಳ್ಲಿಲ್ವಲ್ಲ ನೀವು?” ಎಂದಳು.

“ಯಾವ ಗಂಜಿ?”

“ಫ್ರಿಜ್ಜಲ್ಲಿ ಇಡ್ತಿದ್ನಲ್ಲ, ಮೀನು ಗಂಜಿ. ಡಬ್ಬಿ ತೊಳೆದಿಡ್ತಿದ್ರಲ್ಲ.”

“ಅದು ವಾಚ್‌ಮನ್ ಮಾಮಂದಲ್ವಾ? ದಿನಾ ಅವ್ರೇ ತಿಂದು ತೊಳೀತಿದ್ರು.”

“ಚೀಟೀಲಿ ಬರೆದಿಡ್ತಿದ್ದೆ!”

“ನಿಮ್ಮ ಚೀಟಿ ಎಲ್ಲಾ ಓದಿದೀನಿ. ‘ಸುಂಕದ ಕಾಗದ ಎರಡನೇ ಖಾನೇಲಿದೆ.’ ‘ಪ್ರಿಂಟರ್ ಕೆಟ್ಟಿದೆ.’ ಹಳದೀಲಿ ಅಷ್ಟೇ ಇರ್ತಿತ್ತು. ಏನ್ ಕಲ್ಲು ಮನಸ್ಸಪ್ಪಾ ಇವರದು ಅಂದ್ಕೊಳ್ತಿದ್ದೆ.”

“ಹಳದಿ ಅಲ್ಲ. ಬಿಳೀದು.”

“ಬಿಳೀದು ರಂಫಾ ಮೇಡಂದಲ್ವಾ? ಅವ್ರು ಸೋಮವಾರ ಹುಟ್ಟಿದೋರು. ಸೋಮವಾರಕ್ಕೆ ಬಿಳಿ. ನಮ್ಮಜ್ಜಿ ಹಾಗೇ ಹೇಳ್ಕೊಟ್ಟಿದ್ದು. ಇನ್ನೊಬ್ರ ಚೀಟಿ ತೆಗೆದು ಓದೋ ಬುದ್ಧಿ ನಂಗಿಲ್ಲ.”

ಲಮ್ಯಾಯ್ ಕುರ್ಚಿಯ ಕೈ ಹಿಡಿದುಕೊಂಡಳು. ಸೋಮವಾರಕ್ಕೆ ಹಳದಿ ಎಂದು ಮಹಾಚಾಯಿನ ಬೀದಿನಾಯಿಗೂ ಗೊತ್ತು. ಸೋಮವಾರ ಬಂತೆಂದರೆ ಅರ್ಧ ಆಫೀಸು ಹಳದಿ ಅಂಗಿಯಲ್ಲಿ ಬರುತ್ತದೆ. ಅದೇ ವಾರಕ್ಕೆ ಬಿಳಿ ಎನ್ನುವ ಹಳೆಯ ಲೆಕ್ಕ ಆ ಕಡೆಯ ಒಬ್ಬ ಅಜ್ಜಿಯ ತಲೆಯಲ್ಲಿ ಉಳಿದಿತ್ತೆಂದು ಅವಳು ಹೇಗೆ ತಿಳಿಯಬೇಕಿತ್ತು? ಬಿಳಿ ನಿಮ್ಮದು ಎಂದು ಬರೆದದ್ದೂ ಬಿಳಿಯದರಲ್ಲೇ! ಮೂರ್ಖಿ, ಮೂರ್ಖಿ ಎಂದು ಹಣೆ ಚಚ್ಚಿಕೊಂಡಳು.

“ಹೊರಡೋ ಹಿಂದಿನ ಸಂಜೆ ಆರಕ್ಕೆ ಬಂದೆ,” ಸನಿತ್ ಹೇಳುತ್ತಿದ್ದ. “ಮೂರು ಸಲ ಮೇಲಿಂದ ಕೆಳಗಿನವರೆಗೆ ಹುಡುಕಿದೆ. ನಂಗೆ ಅಂತ ಏನೂ ಇರ್ಲಿಲ್ಲ. ಬಂದಿದ್ದು ಬಿಳೀದೊಂದೇ. ಸರಿ, ಇವ್ರಿಗೆ ಹೇಳೋದೇನಿಲ್ಲ ಅಂತ ಬಸ್ ಹತ್ತಿದೆ. ಮೇಡಂಗೆ ಅಷ್ಟೊಂದು ಏನ್ ಬರೀತಿದ್ರಿ ಲಮ್ಯಾಯ್?”

ಏನೋ ಆಫೀಸಿನ ವಿಷಯ ಎಂದು ಹೇಳಿ ಮುಗಿಸಬಹುದಿತ್ತು. ಅವನಿಗೊಂದು ಸಂಸಾರವಿದೆ, ಯಾರಿಗೂ ನಷ್ಟವಿರಲಿಲ್ಲ. ಲಮ್ಯಾಯ್‌ಗೆ ಮಾತ್ರ ಒಂಬತ್ತು ವರ್ಷದ ಹೊರೆಯನ್ನು ಇನ್ನೊಂದು ದಿನವೂ ಹೊರುವ ಶಕ್ತಿ ಇರಲಿಲ್ಲ.

“ಮೇಡಂಗಲ್ಲ ಪೀ. ನಿಮ್ಗೆ. ನಲವತ್ಮೂರೂ ನಿಮ್ಗೇ.”

ಆ ಕಡೆ ಕುರ್ಚಿ ಎಳೆದು ಕೂತದ್ದು ಕೇಳಿತು.

“ಆ ದಿನದ್ದು...” ಎಂದ ಸನಿತ್. “ಅದ್ರಲ್ಲಿ ಏನಿತ್ತು?”

ಅವಳು ಚೀಟಿ ತೆರೆದಳು. ಓದಲು ಕಣ್ಣು ಬೇಕಿರಲಿಲ್ಲ, ಬಾಯಿಪಾಠವಾಗಿತ್ತು. ಆದರೂ ಪರದೆ ನೋಡಿಯೇ ಓದಿದಳು. ಮೊದಲು ತಾರೀಖು. ಆಮೇಲೆ, “ಹೋಗಬೇಡಿ.”

ಎಲ್ಲೋ ದೂರದಿಂದ ಹೆಂಗಸೊಬ್ಬಳು ಊಟ ಆರಿಹೋಗ್ತಿದೆ ಎಂದು ಕೂಗಿದಳು. “ಬಂದೆ, ನೀವು ಶುರು ಮಾಡಿ,” ಎಂದು ಸನಿತ್ ಆ ಕಡೆಗೆ ಹೇಳಿದ. ಅವನ ದನಿ ಒಡೆದಿತ್ತು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ಮೊದಲನೇದರಿಂದ ಓದಿ,” ಎಂದ.

ಹಳೆಯ ಪ್ರೋಗ್ರಾಮ್ ತೆಗೆಯಲು ಮುಕ್ ಬರುವುದಕ್ಕೆ ಇನ್ನೂ ನಲವತ್ತು ನಿಮಿಷವಿತ್ತು. ಲಮ್ಯಾಯ್ ಕಣ್ಣೊರೆಸಿಕೊಂಡು ಓದತೊಡಗಿದಳು.