ಕೊಳಚೆ ತೊಟ್ಟಿಯ ಗಾಳಿಯಕ್ಕ

ಬಡಾವಣೆಯ ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತ ಎಂಥ ಬುದ್ಧಿವಂತನೆಂದರೆ, ಹಿತ್ತಿಲಲ್ಲಿ ನೊರೆಯೆದ್ದು ಕುದಿಯುತ್ತಿದ್ದ ತೊಟ್ಟಿಯನ್ನು ಈಜುಕೊಳವೆಂದುಕೊಂಡು ಮಾರನೆಯ ದಿನ ಹೆಗಲಿಗೆ ಟವೆಲು ಹಾಕಿಕೊಂಡೇ ಬಂದಿದ್ದ. "ಇಳಿಯಪ್ಪ ರಾಜ, ನಿಮ್ಮನೇದೂ ಇದರಲ್ಲೇ ತೇಲ್ತಾ ಇದೆ," ಎಂದಳು ಕೊಳಚೆ ನೀರು ಶುದ್ಧಮಾಡುವ ಗಾಳಿಯಕ್ಕ. ಕಣ್ಣಿಗೆ ಕಾಣದ ಹುಳಗಳು ಹೊಲಸು ತಿಂದು ನೀರನ್ನು ತಿಳಿಮಾಡುತ್ತವೆ. ಅವು ಬದುಕಿರಲೆಂದು ಯಂತ್ರದಿಂದ ಗಾಳಿ ಊದುವುದು ಅವಳ ಕೆಲಸ, ಊರನ್ನೆಲ್ಲ ಬೈಯುವುದು ಅವಳ ಉಸಿರು. ತೊಟ್ಟಿಯ ಬಾಯಿಯ ಜಾಲರಿಗೆ ಸಿಕ್ಕಿದ ಚಿಂದಿ, ಬಾಚಣಿಗೆ, ಒಮ್ಮೆಯಂತೂ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಕೋಲಿಗೆ ಸಿಕ್ಕಿಸಿ ಬೀದಿ ಸುತ್ತುತ್ತಾಳೆ: "ಯಾರದ್ರೀ ಇದು? ಎಲ್ಲಿ, ಬಾಯಿ ತೆಗೀರಿ ನೋಡೋಣ!" ಯಾರಾದರೂ ಕಕ್ಕಸಿಗೆ ಆಸಿಡ್ ಸುರಿದು ಹುಳ ಸಾಯಿಸಿದರೆ, ಹೆತ್ತ ಮಕ್ಕಳನ್ನು ಕೊಂದರೇನೋ ಎಂಬಂತೆ ಬಾಗಿಲು ಬಾಗಿಲಿಗೆ ಹೋಗಿ ಶಾಪ ಹಾಕುತ್ತಾಳೆ. ಕರೆಂಟು ಉಳಿಸಲು ರಜೆಯ ದಿನ ಯಂತ್ರ ನಿಲ್ಲಿಸಿ, ಕೊಳಚೆಯನ್ನು ಹಾಗೇ ಹೊಳೆಗೆ ಬಿಡಬೇಕೆಂದು ಬಡಾವಣೆ ಸಂಘದ ಅಧ್ಯಕ್ಷರು ಗುಮಾಸ್ತನ ಕೈಲಿ ಹೇಳಿಕಳಿಸಿದಾಗ, ಅವಳು ಸ್ವಿಚ್ಚಿಗೆ ಬೆನ್ನುಕೊಟ್ಟು ನಿಂತುಬಿಟ್ಟಳು. "ಒಂದಿನ ನಿಲ್ಲಿಸಿದ್ರೆ ಯಾರ ಗಂಟು ಹೋಗುತ್ತಕ್ಕಾ?" ಎಂದು ಅವನು ಗೊಣಗಿದ. "ಕೆಳಗಿನ ಊರಿಗೆ ಮಗಳನ್ನ ಕೊಟ್ಟಿದೀನಿ ಕಣೋ. ಬಾಣಂತಿ. ಅವರು ಕುಡಿಯೋದು ಇದೇ ಹೊಳೆ ನೀರು. ನಿಮ್ಮ ಅಧ್ಯಕ್ಷನ ಹೊಲಸನ್ನ ನನ್ನ ಕೈಯಾರೆ ಅವಳಿಗೆ ಕುಡಿಸ್ಲಾ?"